ಮೇಲೆ ಕೈ ಕುಲುಕಿದರೆ ಕೆಳಗೆ ವೋಟು ಬರುತ್ತಾ? ಜಾತಿ ಲೆಕ್ಕ, ಮೈತ್ರಿ ಸರ್ಕಾರದ ಬಗ್ಗೆ ಮಂಡ್ಯ ಜಿಲ್ಲೆ ಓದುಗರಿಗೆ ಪೂರ್ತಿ ಮಾಹಿತಿ

ಮಂಡ್ಯ: 2018ರ ಮೇ ತಿಂಗಳ ವಿಧಾನಸಭೆ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳಕ್ಕೆ ಏಳೂ ಕ್ಷೇತ್ರ ಜೆಡಿಎಸ್ ಪಾಲಾದವು. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಮೈಸೂರು ಜಿಲ್ಲೆಯ ಕೆ.ಆರ್. ನಗರವನ್ನೂ ಲೆಕ್ಕ ಹಾಕಿದರೆ ಎಂಟಕ್ಕೆ ಎಂಟು. ಆಮೇಲೆ ಜೆಡಿಎಸ್ ಮತ್ತು ಕಾಂಗ್ರೆಸ್ ಸೇರಿ ಬೆಂಗಳೂರಿನಲ್ಲಿ ಸರ್ಕಾರ ಮಾಡಿದವು. ಜಿಲ್ಲೆಯ ಒಂದನೇ ಪಕ್ಷ, ಎರಡನೇ ಪಕ್ಷ ಎರಡೂ ಒಂದೇ ಕಡೆ ನಿಂತಂತಾಯಿತು. ಕಾಗದದ ಮೇಲೆ ಲೆಕ್ಕ ಹಾಕಿದವರಿಗೆ ಇಂಥ ಮೈತ್ರಿ ಸೋಲಲು ದಾರಿಯೇ ಕಾಣಿಸುತ್ತಿರಲಿಲ್ಲ.

2019ರ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ ಬಂತು. ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಮಗ ನಿಖಿಲ್ ಮೈತ್ರಿ ಅಭ್ಯರ್ಥಿ. ಎದುರಿಗೆ ಪಕ್ಷೇತರರಾಗಿ ಸುಮಲತಾ ಅಂಬರೀಶ್, ಅವರಿಗೆ ಬಿಜೆಪಿ ಬೆಂಬಲ. ಫಲಿತಾಂಶ ಬಂದಾಗ ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು.

ಎಂಟು ಶಾಸಕರು, ರಾಜ್ಯ ಸರ್ಕಾರ, ಜಿಲ್ಲೆಯ ದೊಡ್ಡ ಸಮುದಾಯದ ಬೆಂಬಲ ಎಲ್ಲಾ ಇದ್ದೂ ಹೀಗೆ ಯಾಕಾಯಿತು? ಕರ್ನಾಟಕದಲ್ಲಿ ಜಾತಿ ಲೆಕ್ಕಾಚಾರ ಮತ್ತು ಮೈತ್ರಿ ರಾಜಕಾರಣ ನಿಜವಾಗಿ ಹೇಗೆ ನಡೆಯುತ್ತದೆ ಅನ್ನೋದಕ್ಕೆ ಉತ್ತರ ಇದೇ ಪ್ರಶ್ನೆಯಲ್ಲಿದೆ. ಪ್ರತಿ ಚುನಾವಣೆಯಲ್ಲೂ ಅಂಗಡಿ ಮುಂದೆ, ಡೈರಿ ಹತ್ತಿರ, ಬಸ್ ಸ್ಟ್ಯಾಂಡಿನಲ್ಲಿ ಈ ಮಾತು ಬರುತ್ತದೆ. ಅದಕ್ಕೆ ಬೇಕಾದ ಲೆಕ್ಕ, ಇಸವಿ, ಕಾನೂನು ಇಲ್ಲಿ ಒಂದೇ ಕಡೆ ಇದೆ.

ಮೊದಲು ಗೊತ್ತಿರಬೇಕಾದ ಅಂಕಿಗಳು

- ವಿಧಾನಸಭೆಯ ಒಟ್ಟು ಕ್ಷೇತ್ರ: 224. ಸರ್ಕಾರ ರಚಿಸಲು ಬೇಕಾದ ಬಹುಮತ: 113.
- ಪರಿಶಿಷ್ಟ ಜಾತಿಗೆ ಮೀಸಲು ಕ್ಷೇತ್ರ: 36. ಪರಿಶಿಷ್ಟ ಪಂಗಡಕ್ಕೆ: 15. (2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಇವು 33 ಮತ್ತು 2 ಇದ್ದವು.)
- ಮಂಡ್ಯ ಜಿಲ್ಲೆಯಲ್ಲಿ ಮೀಸಲು ಕ್ಷೇತ್ರ: ಮಳವಳ್ಳಿ (ಪರಿಶಿಷ್ಟ ಜಾತಿ).
- ರಾಜ್ಯದಲ್ಲಿ ಮಂತ್ರಿಗಳ ಸಂಖ್ಯೆ ಮುಖ್ಯಮಂತ್ರಿಯೂ ಸೇರಿ ಹೆಚ್ಚೆಂದರೆ 34.

ಮೈತ್ರಿ ಅಂದರೆ ಒಂದೇ ಥರ ಅಲ್ಲ

ಪತ್ರಿಕೆಗಳಲ್ಲಿ 'ಮೈತ್ರಿ', 'ಸಮ್ಮಿಶ್ರ', 'ದೋಸ್ತಿ' ಅಂತ ಬರೆದರೂ ಅದರಲ್ಲಿ ನಾಲ್ಕು ಬಗೆ ಇದೆ.

ಒಂದು, ಚುನಾವಣಾ ಪೂರ್ವ ಮೈತ್ರಿ. ಮತದಾನಕ್ಕೆ ಮುಂಚೆಯೇ ಸೀಟು ಹಂಚಿಕೊಂಡು ಒಬ್ಬರ ಕ್ಷೇತ್ರದಲ್ಲಿ ಇನ್ನೊಬ್ಬರು ಅಭ್ಯರ್ಥಿ ಹಾಕುವುದಿಲ್ಲ. 2018ರಲ್ಲಿ ಜೆಡಿಎಸ್ ಮತ್ತು ಬಿಎಸ್‌ಪಿ ಹೀಗೆ ಸೇರಿದ್ದವು. ಮಳವಳ್ಳಿ ಪಕ್ಕದ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಗೆದ್ದು ಮಂತ್ರಿಯೂ ಆದರು.

ಎರಡು, ಚುನಾವಣೋತ್ತರ ಮೈತ್ರಿ. ಒಬ್ಬರ ಮೇಲೊಬ್ಬರು ತೊಡೆ ತಟ್ಟಿ ಹೋರಾಡಿದವರು ಫಲಿತಾಂಶ ಬಂದ ಮೇಲೆ ಒಂದಾಗುವುದು. 2004, 2006, 2018ರ ಮೂರೂ ಸಮ್ಮಿಶ್ರ ಸರ್ಕಾರಗಳು ಇದೇ ಬಗೆಯವು.

ಮೂರು, ಹೊರಗಿನ ಬೆಂಬಲ. ಮಂತ್ರಿಗಿರಿ ಬೇಡ, ಸದನದಲ್ಲಿ ಕೈ ಎತ್ತುತ್ತೇವೆ ಅನ್ನುವುದು. 1983ರಲ್ಲಿ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ಸರ್ಕಾರಕ್ಕೆ ಬಿಜೆಪಿ, ಎಡಪಕ್ಷಗಳು ಮತ್ತು ಪಕ್ಷೇತರರು ಕೊಟ್ಟಿದ್ದು ಇಂಥ ಬೆಂಬಲ.

ನಾಲ್ಕು, ಒಂದೇ ಪಕ್ಷದೊಳಗಿನ ಜಾತಿಗಳ ಮೈತ್ರಿ. ಇದಕ್ಕೆ ಯಾರೂ ಮೈತ್ರಿ ಅಂತ ಹೆಸರಿಡುವುದಿಲ್ಲ. ಆದರೆ ಕರ್ನಾಟಕದಲ್ಲಿ ಗಟ್ಟಿಯಾಗಿ ನಿಂತ ಸರ್ಕಾರಗಳೆಲ್ಲ ಇದರ ಮೇಲೆಯೇ ನಿಂತಿದ್ದವು. ರಾಜ್ಯದಲ್ಲಿ ಯಾವ ಒಂದು ಜಾತಿಯೂ ತಾನೊಂದೇ 113 ಕ್ಷೇತ್ರ ಗೆಲ್ಲಿಸುವಷ್ಟು ದೊಡ್ಡದಲ್ಲ. ಲಿಂಗಾಯತರು ಹೆಚ್ಚಾಗಿ ಉತ್ತರ ಮತ್ತು ಮಧ್ಯ ಕರ್ನಾಟಕದಲ್ಲಿ, ಒಕ್ಕಲಿಗರು ಹಳೇ ಮೈಸೂರು ಭಾಗದಲ್ಲಿ ಇದ್ದಾರೆ. ದಲಿತರು, ಕುರುಬರು, ಮುಸ್ಲಿಮರು, ಸಣ್ಣಪುಟ್ಟ ಹಿಂದುಳಿದ ಸಮುದಾಯಗಳು ಎಲ್ಲ ಕಡೆ ಹಂಚಿಹೋಗಿದ್ದಾರೆ. ಹಾಗಾಗಿ ಎರಡು ಮೂರು ಗುಂಪು ಜೋಡಿಸದೆ ಯಾರಿಗೂ ವಿಧಾನಸೌಧ ಸಿಗುವುದಿಲ್ಲ.

ಇಲ್ಲಿಗೆ ಬಂದ ದಾರಿ

*1956ರಿಂದ 1972:* ಏಕೀಕರಣಕ್ಕೆ ಮುಂಚೆ ಮೈಸೂರು ರಾಜ್ಯದಲ್ಲಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ ಮುಖ್ಯಮಂತ್ರಿಗಳಾಗಿದ್ದರು. 1956ರ ನವೆಂಬರ್ 1ರಂದು ಉತ್ತರದ ಜಿಲ್ಲೆಗಳು ಸೇರಿಕೊಂಡ ಮೇಲೆ ಬಲ ಬದಲಾಯಿತು. ಎಸ್. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್ ಹೀಗೆ 1971ರವರೆಗೆ ಮುಖ್ಯಮಂತ್ರಿಗಳಾದವರೆಲ್ಲ ಲಿಂಗಾಯತರು. ಪಕ್ಷ ಒಂದೇ, ಕಾಂಗ್ರೆಸ್. ಜಾತಿಗಳ ಎಳೆದಾಟ ಪಕ್ಷದೊಳಗೇ ನಡೆಯುತ್ತಿತ್ತು.

*ಅರಸು ಕಾಲ:* 1972ರಲ್ಲಿ ಡಿ. ದೇವರಾಜ ಅರಸು ಬಂದರು. ಅವರ ಸ್ವಂತ ಸಮುದಾಯ ಬಹಳ ಚಿಕ್ಕದು. ಎರಡು ದೊಡ್ಡ ಸಮುದಾಯಗಳನ್ನೇ ನೆಚ್ಚಿಕೊಳ್ಳದೆ ಹಿಂದುಳಿದವರು, ದಲಿತರು, ಅಲ್ಪಸಂಖ್ಯಾತರನ್ನು ಒಟ್ಟುಗೂಡಿಸಿದರು. ಎಲ್.ಜಿ. ಹಾವನೂರು ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರರಿಗೆ ಜಮೀನು ಸಿಕ್ಕಿತು. ಮುಂದೆ 'ಅಹಿಂದ' ಅಂತ ಹೆಸರಾದ ಲೆಕ್ಕಾಚಾರಕ್ಕೆ ಅಡಿಪಾಯ ಬಿದ್ದಿದ್ದು ಆಗಲೇ.

*1983 ಮತ್ತು 1985:* 1983ರಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಎರಡು ವರ್ಷದಲ್ಲೇ ಹೆಗಡೆ ಮತ್ತೆ ಜನರ ಮುಂದೆ ಹೋದರು. 1985ರಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದು ಸ್ವಂತ ಕಾಲ ಮೇಲೆ ನಿಂತಿತು.

*1989ರಿಂದ 1994:* 1989ರಲ್ಲಿ ವೀರೇಂದ್ರ ಪಾಟೀಲ್ ನಾಯಕತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಮರುವರ್ಷ ಅನಾರೋಗ್ಯದಲ್ಲಿದ್ದ ಪಾಟೀಲರನ್ನು ಹೈಕಮಾಂಡ್ ಕೆಳಗಿಳಿಸಿತು. ಲಿಂಗಾಯತ ಮತ ಕಾಂಗ್ರೆಸ್‌ನಿಂದ ದೂರವಾಗಲು ಶುರುವಾಗಿದ್ದು ಅಲ್ಲಿಂದ ಅಂತ ರಾಜಕೀಯ ವಿಶ್ಲೇಷಕರು ಈಗಲೂ ಹೇಳುತ್ತಾರೆ. 1994ರಲ್ಲಿ ಜನತಾದಳ 115, ಬಿಜೆಪಿ 40, ಕಾಂಗ್ರೆಸ್ 34. 178ರಿಂದ 34ಕ್ಕೆ ಇಳಿದ ಕಾಂಗ್ರೆಸ್ ಅಧಿಕೃತ ವಿರೋಧ ಪಕ್ಷದ ಜಾಗವನ್ನೂ ಬಿಜೆಪಿಗೆ ಬಿಡಬೇಕಾಯಿತು. ಎಚ್.ಡಿ. ದೇವೇಗೌಡ ಮುಖ್ಯಮಂತ್ರಿಯಾದರು. ಜನತಾದಳದಲ್ಲಿ ಆಗ ಗೌಡರು, ಹೆಗಡೆ, ಜೆ.ಎಚ್. ಪಟೇಲ್, ಸಿದ್ದರಾಮಯ್ಯ ಎಲ್ಲರೂ ಒಂದೇ ಸೂರಿನಡಿ ಇದ್ದರು. 1999ರಲ್ಲಿ ಆ ಸೂರು ಒಡೆಯಿತು. ಕಾಂಗ್ರೆಸ್ 132 ಗೆದ್ದು ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದರು. ಜೆಡಿಎಸ್‌ಗೆ ಸಿಕ್ಕಿದ್ದು 10.

2004: ಮೂರು ಕಡೆ ಎಳೆದಾಟ ಶುರು

2004ರಲ್ಲಿ ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಯಾರಿಗೂ 113 ಇಲ್ಲ. ರಾಜ್ಯದ ಮೊದಲ ಸಮ್ಮಿಶ್ರ ಸರ್ಕಾರ ರಚನೆಯಾಯಿತು. ಕಾಂಗ್ರೆಸ್‌ನ ಧರಂ ಸಿಂಗ್ ಮುಖ್ಯಮಂತ್ರಿ, ಜೆಡಿಎಸ್‌ನ ಸಿದ್ದರಾಮಯ್ಯ ಉಪಮುಖ್ಯಮಂತ್ರಿ. ಧರಂ ಸಿಂಗ್ ಲಿಂಗಾಯತರೂ ಅಲ್ಲ, ಒಕ್ಕಲಿಗರೂ ಅಲ್ಲ. ದೊಡ್ಡವರ ನಡುವೆ ಜಗಳ ಇದ್ದಾಗ ಎರಡೂ ಕಡೆಗೆ ಸಲ್ಲುವ ಸಣ್ಣ ಸಮುದಾಯದ ನಾಯಕರಿಗೆ ಅವಕಾಶ ಸಿಗುತ್ತದೆ ಅನ್ನೋದಕ್ಕೆ ಇದೊಂದು ಉದಾಹರಣೆ.

2005ರಲ್ಲಿ ಸಿದ್ದರಾಮಯ್ಯ ಜೆಡಿಎಸ್‌ನಿಂದ ಹೊರಬಿದ್ದರು, ಅಹಿಂದ ಸಮಾವೇಶಗಳ ಮೂಲಕ ಬೇರೆಯೇ ಬಲ ಕಟ್ಟಿಕೊಂಡು ಕಾಂಗ್ರೆಸ್ ಸೇರಿದರು. 2006ರ ಡಿಸೆಂಬರ್‌ನ ಚಾಮುಂಡೇಶ್ವರಿ ಉಪಚುನಾವಣೆಯಲ್ಲಿ ಅವರು ಗೆದ್ದಿದ್ದು 257 ಮತಗಳಿಂದ.

ಅದೇ 2006ರ ಫೆಬ್ರವರಿಯಲ್ಲಿ ಕುಮಾರಸ್ವಾಮಿ ಬಿಜೆಪಿ ಜೊತೆ ಸರ್ಕಾರ ಮಾಡಿದರು. ತಲಾ 20 ತಿಂಗಳು ಅಧಿಕಾರ ಅನ್ನೋದು ಒಪ್ಪಂದ. 2007ರ ಅಕ್ಟೋಬರ್‌ನಲ್ಲಿ ಅಧಿಕಾರ ಹಸ್ತಾಂತರ ಆಗಲಿಲ್ಲ. ನವೆಂಬರ್ 12ರಂದು ಪ್ರಮಾಣ ವಚನ ತೆಗೆದುಕೊಂಡ ಬಿ.ಎಸ್. ಯಡಿಯೂರಪ್ಪ ಜೆಡಿಎಸ್ ಬೆಂಬಲ ಇಲ್ಲದೆ ನವೆಂಬರ್ 19ಕ್ಕೆ ರಾಜೀನಾಮೆ ಕೊಟ್ಟರು. 'ವಚನಭ್ರಷ್ಟತೆ' ಅನ್ನೋ ಮಾತು ಹಳ್ಳಿ ಹಳ್ಳಿಗೂ ಹೋಯಿತು. 2008ರ ಮೇ ಚುನಾವಣೆಯಲ್ಲಿ ಬಿಜೆಪಿ 110 ಗೆದ್ದಿತು. 58 ಇದ್ದ ಜೆಡಿಎಸ್ 28ಕ್ಕೆ ಇಳಿಯಿತು.

ವೋಟು ಜಾಸ್ತಿ, ಸೀಟು ಕಡಿಮೆ: ಇದು ಹೇಗೆ?

2008ರಲ್ಲೂ 2018ರಲ್ಲೂ ರಾಜ್ಯದಲ್ಲಿ ಹೆಚ್ಚು ಮತ ಪಡೆದಿದ್ದು ಕಾಂಗ್ರೆಸ್, ಹೆಚ್ಚು ಸೀಟು ಗೆದ್ದಿದ್ದು ಬಿಜೆಪಿ. 2018ರಲ್ಲಿ ಕಾಂಗ್ರೆಸ್‌ಗೆ ಶೇ. 38ರಷ್ಟು ಮತ ಬಂದರೂ ಫಲಿತಾಂಶದ ದಿನ ಸಿಕ್ಕಿದ್ದು 78 ಸ್ಥಾನ. ಶೇ. 36ರಷ್ಟು ಮತ ಪಡೆದ ಬಿಜೆಪಿಗೆ 104. ಶೇ. 18ರಷ್ಟು ಪಡೆದ ಜೆಡಿಎಸ್‌ಗೆ 37.

ಕಾರಣ ಸರಳ. ಕಾಂಗ್ರೆಸ್ ಮತ ಎಲ್ಲ ಕ್ಷೇತ್ರದಲ್ಲೂ ಸ್ವಲ್ಪ ಸ್ವಲ್ಪ ಹರಡಿರುತ್ತದೆ. ಬಿಜೆಪಿ ಮತ ಉತ್ತರ, ಮಧ್ಯ ಕರ್ನಾಟಕ, ಕರಾವಳಿ ಮತ್ತು ಬೆಂಗಳೂರಿನಲ್ಲಿ ಗಟ್ಟಿ, ಮಂಡ್ಯದಂಥ ಕಡೆ ಆಗ ಬಹಳ ಕಡಿಮೆ. ಜೆಡಿಎಸ್ ಮತ ಹೆಚ್ಚಾಗಿ ಹಳೇ ಮೈಸೂರಿನ ಕೆಲವೇ ಜಿಲ್ಲೆಗಳಲ್ಲಿ. ಕ್ಷೇತ್ರದಲ್ಲಿ ಒಂದೇ ಮತದಿಂದ ಗೆದ್ದರೂ ಸೀಟು ಒಂದೇ, 50 ಸಾವಿರದಿಂದ ಗೆದ್ದರೂ ಒಂದೇ. ಹಾಗಾಗಿ ಒಂದು ಜಾತಿ ರಾಜ್ಯದಲ್ಲಿ ಒಟ್ಟು ಎಷ್ಟಿದೆ ಅನ್ನೋದಕ್ಕಿಂತ ಎಲ್ಲಿ ಒತ್ತಾಗಿದೆ, ಎಲ್ಲಿ ಹರಡಿದೆ ಅನ್ನೋದು ಮುಖ್ಯ.

ಮತ ಒಡೆದರೆ ಏನಾಗುತ್ತದೆ ಅನ್ನೋದಕ್ಕೆ 2013 ಸಾಕ್ಷಿ. ಯಡಿಯೂರಪ್ಪ ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದರು. ಕೆಜೆಪಿ ಶೇ. 10ರ ಹತ್ತಿರ ಮತ ಪಡೆದು ಗೆದ್ದಿದ್ದು 6 ಸ್ಥಾನ ಮಾತ್ರ. ಆದರೆ ಬಿಜೆಪಿ 110ರಿಂದ 40ಕ್ಕೆ ಕುಸಿಯಿತು. ಕಾಂಗ್ರೆಸ್ 122 ಗೆದ್ದು ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. 2014ರ ಜನವರಿಯಲ್ಲಿ ಯಡಿಯೂರಪ್ಪ ಬಿಜೆಪಿಗೆ ಮರಳಿದರು.

ಮಂಡ್ಯದಲ್ಲಿ ವೋಟು ಯಾಕೆ ಕೈ ಬದಲಾಗಲಿಲ್ಲ

2018ರ ಮೇ 23ರಂದು ಕುಮಾರಸ್ವಾಮಿ ಪ್ರಮಾಣ ವಚನ ಸ್ವೀಕರಿಸಿದರು. 37 ಶಾಸಕರ ಪಕ್ಷಕ್ಕೆ ಮುಖ್ಯಮಂತ್ರಿ ಸ್ಥಾನ, ದೊಡ್ಡ ಪಕ್ಷ ಕಾಂಗ್ರೆಸ್‌ಗೆ ಉಪಮುಖ್ಯಮಂತ್ರಿ ಸ್ಥಾನ. ಬೆಂಗಳೂರಿನಲ್ಲಿ ಇದು ನಾಯಕರ ನಡುವಿನ ಒಪ್ಪಂದ. ಜಿಲ್ಲೆಯಲ್ಲಿ ಕಥೆ ಬೇರೆ ಇತ್ತು.

ನಾಗಮಂಗಲದ ಎನ್. ಚಲುವರಾಯಸ್ವಾಮಿ, ಶ್ರೀರಂಗಪಟ್ಟಣದ ರಮೇಶ್ ಬಂಡಿಸಿದ್ದೇಗೌಡ 2013ರಲ್ಲಿ ಜೆಡಿಎಸ್‌ನಿಂದ ಗೆದ್ದವರು. 2018ರ ಹೊತ್ತಿಗೆ ಕಾಂಗ್ರೆಸ್‌ಗೆ ಬಂದು ತಮ್ಮ ಹಳೇ ಪಕ್ಷದ ಎದುರೇ ಸೋತಿದ್ದರು. ಒಂದು ವರ್ಷವೂ ತುಂಬುವ ಮುಂಚೆ ಅದೇ ಜೆಡಿಎಸ್ ಅಭ್ಯರ್ಥಿಗೆ ವೋಟು ಕೇಳಿ ಅಂದರೆ ಅವರ ಬೆಂಬಲಿಗರಿಗೆ ಸುಲಭವಲ್ಲ. ನಾಯಕರಿಗಿಂತ ಕೆಳಗಿನವರ ಕಷ್ಟ ಇನ್ನೂ ಜಾಸ್ತಿ. ಗ್ರಾಮ ಪಂಚಾಯಿತಿ, ಸೊಸೈಟಿ, ಡೈರಿ ಚುನಾವಣೆ, ಎಪಿಎಂಸಿ ಎಲ್ಲದರಲ್ಲೂ ಈ ಎರಡು ಪಕ್ಷದವರೇ ಎದುರುಬದುರು. ಊರೊಳಗೆ ಇಪ್ಪತ್ತು ವರ್ಷದಿಂದ ಜಿದ್ದು ಸಾಧಿಸಿದವರು ಬೆಂಗಳೂರಿನಿಂದ ಫೋನ್ ಬಂತು ಅಂತ ಒಂದೇ ಪೆಂಡಾಲ್‌ನಲ್ಲಿ ಕೂರುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಈಗ ಮಿತ್ರ ಪಕ್ಷ ಗೆದ್ದು ಬೇರೂರಿದರೆ ಮುಂದಿನ ವಿಧಾನಸಭೆಯಲ್ಲಿ ತನ್ನ ನಾಯಕನಿಗೆ ಟಿಕೆಟ್ ಸಿಗುತ್ತಾ? ಈ ಭಯ ಎರಡನೇ ಸ್ಥಾನದಲ್ಲಿರುವ ಪಕ್ಷದ ಪ್ರತಿ ಕಾರ್ಯಕರ್ತನಿಗೂ ಇರುತ್ತದೆ.

ಹಾಗಂತ ಮೈತ್ರಿ ಮತ ಯಾವಾಗಲೂ ಕೈ ಕೊಡುತ್ತದೆ ಅಂತಲೂ ಅಲ್ಲ. 2018ರ ನವೆಂಬರ್‌ನ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಇದೇ ಮೈತ್ರಿಯ ಅಭ್ಯರ್ಥಿ ಎಲ್.ಆರ್. ಶಿವರಾಮೇಗೌಡ ಬಿಜೆಪಿ ಎದುರು 3 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಆಗ ಸಿಟ್ಟಿದ್ದ ಕಾಂಗ್ರೆಸ್ಸಿಗರಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ಐದಾರು ತಿಂಗಳಲ್ಲಿ ಅಂಬರೀಶ್ ತೀರಿಕೊಂಡು, ಸುಮಲತಾ ಕಣಕ್ಕೆ ಬಂದಾಗ ಜಾಗ ಸಿಕ್ಕಿತು. ಅಂಬರೀಶ್ ಕಾಂಗ್ರೆಸ್‌ನವರೇ ಆಗಿದ್ದರಿಂದ ಹಳೇ ಕಾಂಗ್ರೆಸ್ಸಿಗರಿಗೆ ಪಕ್ಷ ಬಿಟ್ಟೆವು ಅನ್ನೋ ಅಳುಕೂ ಇರಲಿಲ್ಲ. ಸುಮಲತಾ ಅವರ ಜಾತಿ ಯಾವುದು ಅನ್ನೋ ಚರ್ಚೆ ಪ್ರಚಾರದಲ್ಲಿ ಎದ್ದಿತ್ತು, ಆದರೆ ಮತದಾರರು ಅದನ್ನು ದೊಡ್ಡದು ಮಾಡಲಿಲ್ಲ.

ಮಂಡ್ಯದ ಹೊರಗೂ ಇದೇ ಕಂಡಿತು. ತುಮಕೂರಿನಲ್ಲಿ ಹಾಲಿ ಕಾಂಗ್ರೆಸ್ ಸಂಸದರಿಗೆ ಟಿಕೆಟ್ ತಪ್ಪಿಸಿ ಸೀಟನ್ನು ಜೆಡಿಎಸ್‌ಗೆ ಬಿಟ್ಟುಕೊಡಲಾಯಿತು. ಅಲ್ಲಿ ಮಾಜಿ ಪ್ರಧಾನಿ ದೇವೇಗೌಡರೇ 13 ಸಾವಿರ ಮತಗಳ ಆಸುಪಾಸಿನಲ್ಲಿ ಸೋತರು. ರಾಜ್ಯದ 28ರಲ್ಲಿ ಬಿಜೆಪಿಗೆ 25, ಕಾಂಗ್ರೆಸ್‌ಗೆ 1, ಜೆಡಿಎಸ್‌ಗೆ 1, ಪಕ್ಷೇತರ 1.

ಎರಡು ತಿಂಗಳಲ್ಲಿ ಸರ್ಕಾರವೂ ಉಳಿಯಲಿಲ್ಲ. 2019ರ ಜುಲೈ 23ರಂದು ವಿಶ್ವಾಸಮತಕ್ಕೆ 99, ವಿರುದ್ಧ 105. ಕೆ.ಆರ್. ಪೇಟೆಯ ಜೆಡಿಎಸ್ ಶಾಸಕ ನಾರಾಯಣಗೌಡ ರಾಜೀನಾಮೆ ಕೊಟ್ಟವರಲ್ಲಿ ಒಬ್ಬರು. ಡಿಸೆಂಬರ್ ಉಪಚುನಾವಣೆಯಲ್ಲಿ ಅವರು ಬಿಜೆಪಿಯಿಂದ ಗೆದ್ದರು. ಜಿಲ್ಲೆಯಲ್ಲಿ ಬಿಜೆಪಿ ವಿಧಾನಸಭಾ ಕ್ಷೇತ್ರ ಗೆದ್ದಿದ್ದು ಅದೇ ಮೊದಲು.

2023, 2024: ಲೆಕ್ಕ ಮತ್ತೆ ತಿರುಗಿತು

2023ರ ಮೇ ಚುನಾವಣೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಏಳಕ್ಕೆ ಏಳು ಜೆಡಿಎಸ್ ಆಗಿದ್ದ ಮಂಡ್ಯದಲ್ಲಿ ಕಾಂಗ್ರೆಸ್ 5 ಗೆದ್ದಿತು. ಜೆಡಿಎಸ್‌ಗೆ ಉಳಿದಿದ್ದು ಕೆ.ಆರ್. ಪೇಟೆ ಒಂದೇ. ಮೇಲುಕೋಟೆಯಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು, ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು.

ಸಿದ್ದರಾಮಯ್ಯ ಕುರುಬ ಸಮುದಾಯದವರು, ಕೆಪಿಸಿಸಿ ಅಧ್ಯಕ್ಷರಾಗಿದ್ದ ಡಿ.ಕೆ. ಶಿವಕುಮಾರ್ ಒಕ್ಕಲಿಗರು. ಒಬ್ಬರು ಮುಖ್ಯಮಂತ್ರಿ, ಇನ್ನೊಬ್ಬರು ಉಪಮುಖ್ಯಮಂತ್ರಿ ಆದರು. ಎರಡು ಪಕ್ಷಗಳ ನಡುವೆ 2018ರಲ್ಲಿ ಆಗದ ಹೊಂದಾಣಿಕೆಯನ್ನು ಒಂದೇ ಪಕ್ಷದೊಳಗೆ ಮಾಡಿದ್ದು ಮಂಡ್ಯ ಭಾಗದಲ್ಲಿ ಕೆಲಸ ಮಾಡಿತು. ಒಳಗಿನ ಮೈತ್ರಿಗೆ ಬೂತ್‌ನಲ್ಲಿ ಚಿಹ್ನೆ ಒಂದೇ. ಕಾರ್ಯಕರ್ತ ಎದುರಾಳಿಗೆ ವೋಟು ಕೇಳಬೇಕಾದ ಮುಜುಗರ ಇರುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. 2024ರ ಲೋಕಸಭೆ ಚುನಾವಣೆಯಲ್ಲಿ ಕುಮಾರಸ್ವಾಮಿ ಮಂಡ್ಯದಿಂದ 2.8 ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಈ ಸಲ ಮತ ಕೈ ಬದಲಾಯಿತು, ಯಾಕೆ? ಮಂಡ್ಯದ ತಾಲೂಕುಗಳಲ್ಲಿ ಜೆಡಿಎಸ್ ಮತ್ತು ಬಿಜೆಪಿ ನೇರ ಎದುರಾಳಿಗಳಾಗಿ ಬೆಳೆದ ಪಕ್ಷಗಳಲ್ಲ. ಊರೊಳಗಿನ ಹಳೇ ಜಿದ್ದು ಜೆಡಿಎಸ್–ಕಾಂಗ್ರೆಸ್ ನಡುವಿನದು. ಹಾಗಾಗಿ ಇಲ್ಲಿ ಕಳೆದುಕೊಳ್ಳುವುದು ಕಡಿಮೆ ಇತ್ತು. ರಾಜ್ಯದಲ್ಲಿ ಬಿಜೆಪಿ 17, ಜೆಡಿಎಸ್ 2, ಕಾಂಗ್ರೆಸ್ 9.

ಆದರೆ ಅದೇ ವರ್ಷ ನವೆಂಬರ್‌ನಲ್ಲಿ ಪಕ್ಕದ ಚನ್ನಪಟ್ಟಣದಲ್ಲಿ ಬೇರೆ ಪಾಠ ಸಿಕ್ಕಿತು. ಸೀಟು ಜೆಡಿಎಸ್‌ಗೆ ಹೋಗುತ್ತದೆ ಅಂದಾಗ ಬಿಜೆಪಿಯಲ್ಲಿದ್ದ ಸಿ.ಪಿ. ಯೋಗೇಶ್ವರ್ ಕಾಂಗ್ರೆಸ್‌ಗೆ ಹಾರಿ 25 ಸಾವಿರಕ್ಕೂ ಹೆಚ್ಚು ಮತಗಳಿಂದ ನಿಖಿಲ್ ಅವರನ್ನು ಸೋಲಿಸಿದರು. ಇಬ್ಬರೂ ಒಕ್ಕಲಿಗರೇ. ಮೈತ್ರಿಯಲ್ಲಿ ಟಿಕೆಟ್ ತಪ್ಪಿದ ಸ್ಥಳೀಯ ನಾಯಕ ತನ್ನ ಮತ ಎತ್ತಿಕೊಂಡು ಹೋಗಬಲ್ಲ ಅನ್ನೋದು ಅಲ್ಲಿ ಕಂಡ ಸತ್ಯ.

ಎಲ್ಲ ಅಭ್ಯರ್ಥಿಗಳೂ ಒಂದೇ ಜಾತಿಯವರಾದರೆ?

ಮಂಡ್ಯ ಅಂದರೆ ಒಕ್ಕಲಿಗರ ಜಿಲ್ಲೆ, ಇಲ್ಲಿ ಬೇರೆಯವರ ವೋಟಿಗೆ ಬೆಲೆ ಇಲ್ಲ ಅಂತ ಹೊರಗಿನವರು ಹೇಳುವುದುಂಟು. ಒಳಗಿನ ಲೆಕ್ಕ ಅದಕ್ಕೆ ಉಲ್ಟಾ. ಮಳವಳ್ಳಿ ಬಿಟ್ಟು ಉಳಿದ ಆರು ಕ್ಷೇತ್ರಗಳಲ್ಲಿ ಮುಖ್ಯ ಪಕ್ಷಗಳು ಸಾಮಾನ್ಯವಾಗಿ ಒಕ್ಕಲಿಗರಿಗೇ ಟಿಕೆಟ್ ಕೊಡುತ್ತವೆ. ಎರಡೂ ಕಡೆ ಗೌಡರೇ ಇದ್ದಾಗ ಆ ಸಮುದಾಯದ ಮತ ಹಂಚಿಹೋಗುತ್ತದೆ. ಆಗ ಫಲಿತಾಂಶ ತೀರ್ಮಾನಿಸುವುದು ದಲಿತರು, ಕುರುಬರು, ಮುಸ್ಲಿಮರು, ಬೆಸ್ತರು, ವಿಶ್ವಕರ್ಮರು, ಮಡಿವಾಳರು ಮತ್ತಿತರ ಸಮುದಾಯಗಳ ಮತ.

ಮಳವಳ್ಳಿಯಲ್ಲಿ ಇದೇ ಲೆಕ್ಕ ತಿರುಗಿ ನಡೆಯುತ್ತದೆ. ಅಲ್ಲಿ ಅಭ್ಯರ್ಥಿಗಳೆಲ್ಲ ಪರಿಶಿಷ್ಟ ಜಾತಿಯವರು. ಹಾಗಾಗಿ ಗೆಲ್ಲಬೇಕಾದರೆ ಉಳಿದ ಸಮುದಾಯಗಳ ವಿಶ್ವಾಸ ಬೇಕೇ ಬೇಕು.

ಮೀಸಲಾತಿ: ಚುನಾವಣೆ ಹತ್ತಿರ ಬಂದಾಗ ಬಿಸಿಯಾಗುವ ವಿಷಯ

ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಮೀಸಲಾತಿ ಒಟ್ಟು ಶೇ. 32. ಹಂಚಿಕೆ ಹೀಗಿದೆ:

- ಪ್ರವರ್ಗ 1: ಶೇ. 4
- 2ಎ (ಕುರುಬರು ಸೇರಿ ಹಲವು ಜಾತಿಗಳು): ಶೇ. 15
- 2ಬಿ (ಮುಸ್ಲಿಮರು): ಶೇ. 4
- 3ಎ (ಒಕ್ಕಲಿಗರು ಮತ್ತಿತರರು): ಶೇ. 4
- 3ಬಿ (ಲಿಂಗಾಯತರು ಮತ್ತಿತರರು): ಶೇ. 5

2023ರ ಮಾರ್ಚ್‌ನಲ್ಲಿ, ಚುನಾವಣೆ ಘೋಷಣೆಗೆ ಸ್ವಲ್ಪ ಮುಂಚೆ, ಆಗಿನ ಬಿಜೆಪಿ ಸರ್ಕಾರ ಮುಸ್ಲಿಮರ ಶೇ. 4 ತೆಗೆದು ಒಕ್ಕಲಿಗರಿಗೆ ಶೇ. 2, ಲಿಂಗಾಯತರಿಗೆ ಶೇ. 2 ಕೊಡಲು ತೀರ್ಮಾನಿಸಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ ಜಾರಿ ತಡೆಯಿತು. ಅದಕ್ಕೂ ಮುಂಚೆ, 2018ರ ಮಾರ್ಚ್‌ನಲ್ಲಿ, ಕಾಂಗ್ರೆಸ್ ಸರ್ಕಾರ ಲಿಂಗಾಯತರಿಗೆ ಪ್ರತ್ಯೇಕ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಎರಡೂ ಸಲ ತೀರ್ಮಾನ ಮಾಡಿದ ಪಕ್ಷ ಚುನಾವಣೆಯಲ್ಲಿ ಹಿಂದೆ ಬಿತ್ತು. ಕೊನೇ ಗಳಿಗೆಯ ಘೋಷಣೆಗೆ ಮತ ಬಂದೇ ಬರುತ್ತದೆ ಅಂತ ಹೇಳಲಾಗದು.

ಪರಿಶಿಷ್ಟ ಜಾತಿ ಮೀಸಲಾತಿಯನ್ನು ಶೇ. 15ರಿಂದ 17ಕ್ಕೆ, ಪಂಗಡದ್ದನ್ನು ಶೇ. 3ರಿಂದ 7ಕ್ಕೆ ಏರಿಸುವ ತೀರ್ಮಾನ 2022ರದ್ದು. ಒಳಮೀಸಲಾತಿಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠ ಒಪ್ಪಿಗೆ ಕೊಟ್ಟಿತು. ನ್ಯಾ. ನಾಗಮೋಹನ್ ದಾಸ್ ಆಯೋಗದ ವರದಿ ಬಂದ ಮೇಲೆ 2025ರ ಆಗಸ್ಟ್‌ನಲ್ಲಿ ಸಂಪುಟ ಶೇ. 17ನ್ನು 6, 6, 5 ಅಂತ ಹಂಚಿತು: ಎಡಗೈ, ಬಲಗೈ, ಉಳಿದವರು. ಮೂರನೇ ಗುಂಪಿನಲ್ಲಿ ಬಂದ ಅಲೆಮಾರಿ ಸಮುದಾಯಗಳು ತಮಗೆ ಪ್ರತ್ಯೇಕ ಪಾಲು ಬೇಕು ಅಂತ ಹೋರಾಟಕ್ಕಿಳಿದವು.

ಇನ್ನು ಜಾತಿ ಲೆಕ್ಕ. ದೇಶದಲ್ಲಿ ಎಲ್ಲ ಜಾತಿಗಳ ಎಣಿಕೆ ಪ್ರಕಟವಾಗಿದ್ದು ಕೊನೆಯದಾಗಿ 1931ರದ್ದು. ರಾಜ್ಯದಲ್ಲಿ 2015ರಲ್ಲಿ ಸಮೀಕ್ಷೆ ನಡೆದು, ವರದಿ 2024ರ ಫೆಬ್ರವರಿಯಲ್ಲಿ ಸರ್ಕಾರದ ಕೈ ಸೇರಿತು. ಲಿಂಗಾಯತ, ಒಕ್ಕಲಿಗ ನಾಯಕರು ಎಣಿಕೆ ಸರಿ ಇಲ್ಲ ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಸಮೀಕ್ಷೆಯೇ ಶುರುವಾಯಿತು. ಚುನಾವಣೆ ಸಮಯದಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವ 'ಕ್ಷೇತ್ರವಾರು ಜಾತಿ ಪಟ್ಟಿ'ಗಳು ಹೆಚ್ಚಿನವು ಪಕ್ಷದವರು, ಸಂಘದವರು ಅಂದಾಜಿನಲ್ಲಿ ಮಾಡಿದ್ದು. ಅವನ್ನು ಅಧಿಕೃತ ಅಂತ ನಂಬಬಾರದು.

ಕಾನೂನು ಏನು ಹೇಳುತ್ತದೆ

*ಜಾತಿ ಹೆಸರಲ್ಲಿ ಮತ ಕೇಳಬಹುದಾ?* ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಅದು ಭ್ರಷ್ಟ ಆಚರಣೆ. ಸಾಬೀತಾದರೆ ಆಯ್ಕೆ ರದ್ದಾಗಬಹುದು. ಅಭ್ಯರ್ಥಿಯ ಜಾತಿ ಮಾತ್ರವಲ್ಲ, ಮತದಾರನ ಜಾತಿ ಹೇಳಿ ಕೇಳಿದರೂ ತಪ್ಪು ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ.

*ಶಾಸಕರು ಪಕ್ಷ ಬದಲಾಯಿಸಿದರೆ?* 1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಸದಸ್ಯತ್ವ ಹೋಗುತ್ತದೆ. ಪಕ್ಷ ವಿಲೀನ ಅನ್ನಿಸಿಕೊಳ್ಳಲು ಮೂರನೇ ಎರಡು ಭಾಗ ಶಾಸಕರು ಬೇಕು. ಇದನ್ನು ದಾಟಲು ಕಂಡುಕೊಂಡ ದಾರಿ ರಾಜೀನಾಮೆ ಕೊಟ್ಟು ಉಪಚುನಾವಣೆಗೆ ಹೋಗುವುದು. 2019ರಲ್ಲಿ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದರೂ ಉಪಚುನಾವಣೆಗೆ ನಿಲ್ಲಲು ಬಿಟ್ಟಿತು.

*ಮಂತ್ರಿಗಿರಿ ಹಂಚಿಕೆಗೆ ಮಿತಿ ಇದೆಯಾ?* ಇದೆ. 2003ರ ತಿದ್ದುಪಡಿಯಂತೆ ಸದನದ ಶೇ. 15 ಮೀರುವಂತಿಲ್ಲ. ಹಾಗಾಗಿ 34ರಲ್ಲೇ ಎರಡು ಪಕ್ಷ, 31 ಜಿಲ್ಲೆ, ಹತ್ತಾರು ಜಾತಿ ತೂಗಿಸಬೇಕು. ಸಮ್ಮಿಶ್ರ ಸರ್ಕಾರದಲ್ಲಿ ಅಸಮಾಧಾನ ಶುರುವಾಗುವುದು ಸಾಮಾನ್ಯವಾಗಿ ಈ ಹಂಚಿಕೆಯಿಂದಲೇ.

ತಾಲೂಕಿಗೆ, ಅಂಗಡಿಯವರಿಗೆ ಏನು ವ್ಯತ್ಯಾಸ?

ಸರ್ಕಾರ ಬಿದ್ದರೆ ಅದರ ಪೆಟ್ಟು ಬೆಂಗಳೂರಿಗೆ ಮಾತ್ರ ಅಲ್ಲ. ಹೊಸ ಸರ್ಕಾರ ಬಂದ ಕೂಡಲೇ ತಹಶೀಲ್ದಾರ್, ಇನ್‌ಸ್ಪೆಕ್ಟರ್‌ರಿಂದ ಹಿಡಿದು ವರ್ಗಾವಣೆ ನಡೆಯುತ್ತದೆ. ಹಿಂದಿನವರು ಮಂಜೂರು ಮಾಡಿದ ಕಾಮಗಾರಿ ಮರುಪರಿಶೀಲನೆ ಅಂತ ನಿಲ್ಲುತ್ತದೆ. ಗುತ್ತಿಗೆದಾರನ ಬಿಲ್ ನಿಂತರೆ ಸಿಮೆಂಟ್ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ. ಉಪಚುನಾವಣೆ ಬಂದರೆ ನೀತಿ ಸಂಹಿತೆ, ಹೊಸ ಟೆಂಡರ್ ಇಲ್ಲ. ಆ ಸಮಯದಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವ ವ್ಯಾಪಾರಿಗಳು ಬಿಲ್, ಬ್ಯಾಂಕ್ ಚೀಟಿ ಜೊತೆಗಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಚೆಕ್‌ಪೋಸ್ಟ್‌ನಲ್ಲಿ ಹಣ ವಶಕ್ಕೆ ಹೋಗಬಹುದು.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ನಿಗದಿ, ಕೋರ್ಟ್ ಕೇಸು ಅಂತ ವರ್ಷಗಟ್ಟಲೆ ಚುನಾವಣೆ ಮುಂದಕ್ಕೆ ಹೋಯಿತು. ಸರ್ಕಾರ ಬದಲಾದರೂ ಇದು ಬದಲಾಗಲಿಲ್ಲ. ಶಾಸಕ ಸ್ಥಾನಕ್ಕೆ ಟಿಕೆಟ್ ಸಿಗದ ಸಣ್ಣ ಸಮುದಾಯಗಳ ಹೆಣ್ಣು ಗಂಡಿಗೆ ಅಧಿಕಾರದ ಮೊದಲ ಮೆಟ್ಟಿಲು ಇವೇ. ವಿಧಾನಸೌಧದ ಜಾತಿ ಲೆಕ್ಕ ನಡೆಯುವಾಗ ತಾಲೂಕು ಮಟ್ಟದ ಈ ಕುರ್ಚಿಗಳು ಖಾಲಿ ಬಿದ್ದಿದ್ದವು.

ಮುಂದಿನ ಚುನಾವಣೆಯಲ್ಲಿ ಗಮನಿಸಬೇಕಾದ್ದು

ಮೈತ್ರಿ ಘೋಷಣೆಯಾದಾಗ ವೇದಿಕೆ ಮೇಲಿನ ಫೋಟೋ ನೋಡಿ ಲೆಕ್ಕ ಹಾಕುವ ಬದಲು ನಾಲ್ಕು ವಿಷಯ ನೋಡಿದರೆ ಸಾಕು.

1. ಆ ಎರಡು ಪಕ್ಷದವರು ಸೊಸೈಟಿ, ಡೈರಿ, ಪಂಚಾಯಿತಿಯಲ್ಲಿ ಎದುರಾಳಿಗಳಾ? ಹೌದು ಅಂದರೆ ಮತ ಸಲೀಸಾಗಿ ಹರಿಯುವುದಿಲ್ಲ.
2. ಟಿಕೆಟ್ ತಪ್ಪಿದ ಸ್ಥಳೀಯ ನಾಯಕ ಏನು ಮಾಡಿದ? ಮನೆಯಲ್ಲಿ ಕೂತನಾ, ಬೇರೆ ಪಕ್ಷಕ್ಕೆ ಹೋದನಾ?
3. ಸಿಟ್ಟಿದ್ದವರಿಗೆ ಹೋಗಲು ಮೂರನೇ ಜಾಗ ಇದೆಯಾ?
4. ಎಲ್ಲ ಅಭ್ಯರ್ಥಿಗಳೂ ಒಂದೇ ಸಮುದಾಯದವರಾದರೆ ಉಳಿದ ಸಮುದಾಯಗಳ ಮನೆಗೆ ಮೊದಲು ಹೋದವರು ಯಾರು?

2018ರಿಂದ 2024ರವರೆಗೆ ಆರೇ ವರ್ಷದಲ್ಲಿ ಮಂಡ್ಯ ಜಿಲ್ಲೆ ಜೆಡಿಎಸ್‌ಗೆ ಪೂರ್ತಿ ಗೆಲುವು ಕೊಟ್ಟಿತು, ಪಕ್ಷೇತರರನ್ನು ಗೆಲ್ಲಿಸಿತು, ಕಾಂಗ್ರೆಸ್‌ಗೆ ಐದು ಸ್ಥಾನ ಕೊಟ್ಟಿತು, ಮತ್ತೆ ಕುಮಾರಸ್ವಾಮಿಯವರನ್ನು ಲೋಕಸಭೆಗೆ ಕಳಿಸಿತು. ಈ ಅವಧಿಯಲ್ಲಿ ಜಿಲ್ಲೆಯ ಜಾತಿ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಇತ್ತು. ಬದಲಾಗಿದ್ದು ಮತದಾರರ ತೀರ್ಮಾನ. ಮೈಷುಗರ್ ಕಾರ್ಖಾನೆ ನಿಂತಿದ್ದ ವರ್ಷಗಳಲ್ಲಿ ಕಬ್ಬು ಬೆಳೆದವರ ಜಾತಿ ಕೇಳಿ ನಷ್ಟ ಬರಲಿಲ್ಲ, ನಾಲೆಗೆ ನೀರು ಬಿಡದಾಗಲೂ ಅಷ್ಟೇ. ಟಿಕೆಟ್ ಹಂಚುವವರು ಜಾತಿ ನೋಡುತ್ತಾರೆ, ಮತದಾರರು ಜಾತಿಯ ಜೊತೆಗೆ ಇದನ್ನೂ ನೋಡುತ್ತಾರೆ.